ಮ್ಯಾಕ್ಸ್ ರೋಚ್: ಜಾಝ್ ಡ್ರಮ್ಮರ್, ವಿಶ್ವವಿದ್ಯಾಲಯದ ಪ್ರಾಧ್ಯಾಪಕ – ಪದೇ ಪದೇ ಕೇಳುವ ಪ್ರಶ್ನೆಗಳು

ಮ್ಯಾಕ್ಸ್ ರೋಚ್ ಯಾರು?

ಅಮೆರಿಕದ ಕಪ್ಪು ಜನಾಂಗದ ಡ್ರಮ್ ವಾದಕ, ಸಂಯೋಜಕ. 1940ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಬೀಬಾಪ್ ಎಂಬ ವೇಗದ ಜಾಝ್ ಶೈಲಿಗೆ ಲಯದ ಅಡಿಪಾಯ ಹಾಕಿದ ಕೆಲವೇ ಮಂದಿಯಲ್ಲಿ ಒಬ್ಬರು. 1972ರಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್ ಆವರಣದಲ್ಲಿ ಪಾಠ ಹೇಳಿದವರು. ಡ್ರಮ್ಮರ್ ಎಂದರೆ ತಾಳ ಹಾಕಿಕೊಂಡು ಹಿಂದೆ ಕೂರುವವನು ಎಂಬ ನಂಬಿಕೆಯನ್ನು ಒಡೆಯುವುದರಲ್ಲೇ ಅವರ ಅರವತ್ತು ವರ್ಷದ ವೃತ್ತಿ ಕಳೆಯಿತು. ವೇದಿಕೆ, ಧ್ವನಿಮುದ್ರಣ ಕಂಪನಿ, ಬೀದಿ ಹೋರಾಟ, ತರಗತಿ, ಎಲ್ಲಿಗೆ ಹೋದರೂ ಅವರ ವಾದ ಅದೇ.

ಹುಟ್ಟಿದ್ದು ಎಲ್ಲಿ? ಯಾರ ಬಳಿ ಕಲಿತರು?

ಹುಟ್ಟಿದ್ದು 1924ರ ಜನವರಿಯಲ್ಲಿ, ಉತ್ತರ ಕೆರೊಲಿನಾ ರಾಜ್ಯದ ನ್ಯೂಲ್ಯಾಂಡ್ ಎಂಬಲ್ಲಿ. ನಾಲ್ಕು ವರ್ಷದವರಿದ್ದಾಗ ಕುಟುಂಬ ಬ್ರೂಕ್ಲಿನ್‌ಗೆ ಬಂತು. ದಕ್ಷಿಣದ ಹೊಲಗಳನ್ನು ಬಿಟ್ಟು ಉತ್ತರದ ನಗರಗಳಿಗೆ ಲಕ್ಷಾಂತರ ಕಪ್ಪು ಕುಟುಂಬಗಳು ವಲಸೆ ಹೋಗುತ್ತಿದ್ದ ಕಾಲ ಅದು. ತಾಯಿ ಚರ್ಚಿನಲ್ಲಿ ಗಾಸ್ಪೆಲ್ ಭಕ್ತಿಗೀತೆ ಹಾಡುತ್ತಿದ್ದರು. ಹುಡುಗ ಮೊದಲು ಪಿಯಾನೋ ಕಲಿತ. ಹತ್ತರ ವಯಸ್ಸಿಗೆಲ್ಲ ಗಾಸ್ಪೆಲ್ ತಂಡಗಳಲ್ಲಿ ಡ್ರಮ್ ನುಡಿಸುತ್ತಿದ್ದ. 1942ರಲ್ಲಿ ಬಾಯ್ಸ್ ಹೈಸ್ಕೂಲ್ ಮುಗಿಸಿದ ಹೊಸದರಲ್ಲೇ, ಪ್ಯಾರಮೌಂಟ್ ರಂಗಮಂದಿರದಲ್ಲಿ ಡ್ಯೂಕ್ ಎಲಿಂಗ್ಟನ್ ವಾದ್ಯವೃಂದದ ಡ್ರಮ್ಮರ್ ಸನ್ನಿ ಗ್ರಿಯರ್ ಬದಲಿಗೆ ಕೂರುವ ಕರೆ ಬಂತು. ಆ ಹೊತ್ತಿಗೆ ಹಾರ್ಲೆಮ್‌ನ ಮನ್ರೋಸ್ ಅಪ್‌ಟೌನ್ ಹೌಸ್‌ನಂಥ ಕ್ಲಬ್ಬುಗಳಲ್ಲಿ ನಡುರಾತ್ರಿ ದಾಟಿದ ಮೇಲೆ ನಡೆಯುತ್ತಿದ್ದ ಗೋಷ್ಠಿಗಳೇ ಅವರ ನಿಜವಾದ ಗುರುಕುಲವಾಗಿದ್ದವು.

ಬೀಬಾಪ್‌ನಲ್ಲಿ ಡ್ರಮ್ಮರನ ಕೆಲಸ ಬದಲಾಯಿತು ಎನ್ನುತ್ತಾರೆ. ಬದಲಾದದ್ದು ಏನು?

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

1930ರ ದಶಕದ ಸ್ವಿಂಗ್ ವಾದ್ಯವೃಂದಗಳು ಕುಣಿತಕ್ಕಾಗಿ ನುಡಿಸುತ್ತಿದ್ದವು. ಡ್ರಮ್ಮರ್ ಬಲಗಾಲಿನಿಂದ ಬೇಸ್ ಡ್ರಮ್ಮನ್ನು ಒಂದು, ಎರಡು, ಮೂರು, ನಾಲ್ಕು ಎಂದು ಬಿಡದೆ ತುಳಿಯುತ್ತಿದ್ದ. ಕುಣಿಯುವವರಿಗೆ ಆ ಗುದ್ದು ಬೇಕಿತ್ತು. ಕೆನಿ ಕ್ಲಾರ್ಕ್ ಎಂಬ ಡ್ರಮ್ಮರ್ ಈ ನಾಲ್ಕರ ನಡೆಯನ್ನು ಕಾಲಿನಿಂದ ಕೈಗೆ, ಬೇಸ್ ಡ್ರಮ್ಮಿನಿಂದ ಬಲಬದಿಯ ದೊಡ್ಡ ತಾಳತಟ್ಟೆಗೆ, ಅಂದರೆ ರೈಡ್ ಸಿಂಬಲ್‌ಗೆ ವರ್ಗಾಯಿಸಿದರು. ಲಯದ ಎಳೆ ಈಗ ಮೇಲೆ, ತೆಳ್ಳಗೆ, ಝಣಝಣಿಸುತ್ತ ಹರಿಯತೊಡಗಿತು. ಕೆಳಗೆ ಬಲಗಾಲಿಗೂ ಎಡಗೈಗೂ ಬಿಡುವು ಸಿಕ್ಕಿತು. ಆ ಬಿಡುವಿನಲ್ಲಿ ಡ್ರಮ್ಮರ್ ಏನು ಮಾಡಬೇಕು? ಸ್ಯಾಕ್ಸೊಫೋನ್ ಹೇಳಿದ ಮಾತಿಗೆ ಉತ್ತರ ಕೊಡಬಹುದು, ವಾಕ್ಯದ ನಡುವೆ ಚುಚ್ಚಬಹುದು, ನಿರೀಕ್ಷೆಯೇ ಇಲ್ಲದ ಜಾಗದಲ್ಲಿ ಒಂದು ಗುದ್ದು ಕೊಟ್ಟು ಮುಂದಿನ ಸಾಲನ್ನು ಎತ್ತಿಕೊಡಬಹುದು.

ದಾರಿ ತೆರೆದವರು ಕ್ಲಾರ್ಕ್. ಆ ದಾರಿಯಲ್ಲಿ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಅವರ ವೇಗಕ್ಕೆ ಸಮನಾಗಿ ಓಡಿದವರು ರೋಚ್. 1945ರ ನವೆಂಬರ್ 26ರಂದು ಸವಾಯ್ ಕಂಪನಿಗಾಗಿ ಮುದ್ರಿಸಿದ ಪಾರ್ಕರ್ ಅವರ 'ಕೋ-ಕೋ' ಕೇಳಿ: ನಿಮಿಷಕ್ಕೆ ಸುಮಾರು 300 ಪೆಟ್ಟುಗಳ ನಡೆ. ಆ ವೇಗದಲ್ಲಿ ಪ್ರತಿ ಪೆಟ್ಟಿಗೂ ಬೇಸ್ ಡ್ರಮ್ ತುಳಿದರೆ ಕಾಲೂ ಸೋಲುತ್ತದೆ, ಸಂಗೀತವೂ ಕೆಸರಾಗುತ್ತದೆ. ಹೊಸ ಕ್ರಮ ಬರಿಯ ಶೋಕಿಯಾಗಿರಲಿಲ್ಲ, ವೇಗವೇ ಅದನ್ನು ಬೇಡುತ್ತಿತ್ತು ಎಂಬುದು ಆ ಮೂರು ನಿಮಿಷಗಳಲ್ಲಿ ಅರ್ಥವಾಗುತ್ತದೆ. ಆಗ ರೋಚ್‌ಗೆ ಇಪ್ಪತ್ತೊಂದು ವರ್ಷ.

ಕುಣಿಯುವ ಸಂಗೀತ ಕೂತು ಕೇಳುವ ಸಂಗೀತವಾಗಿದ್ದಕ್ಕೆ ತೆರಿಗೆ ಕಾರಣವೇ?

ಒಂದು ಕಾರಣ, ಹೌದು. 1944ರಲ್ಲಿ ಯುದ್ಧದ ಖರ್ಚಿಗೆಂದು ಅಮೆರಿಕ ಸರ್ಕಾರ ನೃತ್ಯ, ಗಾಯನ ಇರುವ ಕ್ಲಬ್ಬುಗಳ ಮೇಲೆ ಮೊದಲು ಶೇ 30, ಕೆಲವೇ ತಿಂಗಳ ಬಳಿಕ ಶೇ 20ರಷ್ಟು ತೆರಿಗೆ ಹಾಕಿತು. ಬರೀ ವಾದ್ಯ ಸಂಗೀತ ಇದ್ದರೆ ತೆರಿಗೆ ಇಲ್ಲ. ಮಾಲೀಕರು ಗಾಯಕರನ್ನೂ ನರ್ತಕರನ್ನೂ ಬಿಟ್ಟು ನಾಲ್ಕೈದು ವಾದಕರ ಚಿಕ್ಕ ತಂಡಗಳನ್ನು ಕರೆಸತೊಡಗಿದರು. ಬೀಬಾಪ್ ಬೆಳೆದದ್ದರ ಹಿಂದಿನ ಈ ಲೆಕ್ಕಾಚಾರವನ್ನು ರೋಚ್ ಸ್ವತಃ ನೆನಪಿಸುತ್ತಿದ್ದರು. ಕಲೆಯ ಇತಿಹಾಸವನ್ನು ಪ್ರತಿಭೆಯೊಂದರಿಂದಲೇ ವಿವರಿಸುವವರಿಗೆ ಇದು ಅಷ್ಟಾಗಿ ರುಚಿಸುವುದಿಲ್ಲ.

ಸಂಗೀತ ಕಾಲೇಜಿನಲ್ಲಿ ಅವರ ಕೈ ತಪ್ಪು ಎಂದರಂತೆ. ನಿಜವೇ?

ರೋಚ್ ತಾವೇ ಹೇಳಿಕೊಂಡ ಸಂಗತಿ ಇದು. 1950ರಲ್ಲಿ ಅವರು ಮ್ಯಾನ್‌ಹಟನ್ ಸ್ಕೂಲ್ ಆಫ್ ಮ್ಯೂಸಿಕ್ ಸೇರಿದರು. ಆ ಹೊತ್ತಿಗೆ ಪಾರ್ಕರ್ ಜೊತೆಗೂ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಜೊತೆಗೂ ಧ್ವನಿಮುದ್ರಣ ಮಾಡಿ ಆಗಿತ್ತು. ನ್ಯೂಯಾರ್ಕಿನ 52ನೇ ಬೀದಿಯ ಕ್ಲಬ್ಬುಗಳಲ್ಲಿ ಹೆಸರೂ ಇತ್ತು. ತಾಳವಾದ್ಯದ ಅಧ್ಯಾಪಕರಿಗೆ ಅವರ ಕೈಯ ಹಿಡಿತವೇ ಸರಿ ಕಾಣಲಿಲ್ಲ. ಸಿಂಫನಿ ವಾದ್ಯವೃಂದಕ್ಕೆ ಬೇಕಾದ ಹಿಡಿತಕ್ಕೆ ಕೈಯನ್ನು ತಿದ್ದಿಕೊಂಡರೆ ರಾತ್ರಿ ಕ್ಲಬ್ಬಿನಲ್ಲಿ ನುಡಿಸಲಾಗುವುದಿಲ್ಲ, ನುಡಿಸದಿದ್ದರೆ ಶುಲ್ಕ ಕಟ್ಟಲಾಗುವುದಿಲ್ಲ. ರೋಚ್ ಜಗಳವಾಡಲಿಲ್ಲ. ತಾಳವಾದ್ಯ ಬಿಟ್ಟು ಸಂಯೋಜನೆಯ ವಿಭಾಗಕ್ಕೆ ಹೋದರು. ಈ ಬದಲಾವಣೆಯಿಂದ ಅವರಿಗೆ ಲಾಭವೇ ಆಯಿತು ಎಂದು ನನ್ನ ಅನಿಸಿಕೆ. ಮುಂದಿನ ಅವರ ಡ್ರಮ್ ರಚನೆಗಳಲ್ಲಿ ಕಟ್ಟಡ ಗಟ್ಟಿಯಾಗಿರುವುದಕ್ಕೆ ಆ ಓದೂ ಕಾರಣ. 1990ರಲ್ಲಿ ಅದೇ ಸಂಸ್ಥೆ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ಕಾಲೇಜು ಸೇರುವ ಮೊದಲೇ, 1940ರ ದಶಕದ ಕೊನೆಯಲ್ಲಿ, ಅವರು ಹೈಟಿ ದ್ವೀಪಕ್ಕೆ ಹೋಗಿ ಟಿ ರೋರೋ ಎಂಬ ಸಾಂಪ್ರದಾಯಿಕ ವಾದಕರ ಬಳಿ ಕಲಿತಿದ್ದರು. ಎರಡು ಪಾಠಶಾಲೆಗಳಲ್ಲಿ ಯಾವುದು ದೊಡ್ಡದು ಎಂದು ಅವರನ್ನು ಕೇಳಿದ್ದರೆ ಉತ್ತರ ಸುಲಭವಾಗಿರುತ್ತಿರಲಿಲ್ಲ.

ಅವರು ಸ್ವಂತ ಧ್ವನಿಮುದ್ರಣ ಕಂಪನಿ ನಡೆಸಿದ್ದರೇ?

1952ರಲ್ಲಿ ಬೇಸ್ ವಾದಕ ಚಾರ್ಲ್ಸ್ ಮಿಂಗಸ್ ಜೊತೆಗೂಡಿ ಡೆಬ್ಯೂ ರೆಕಾರ್ಡ್ಸ್ ಆರಂಭಿಸಿದರು. ವಾದಕರೇ ಒಡೆಯರಾದ ಕಂಪನಿಗಳು ಆಗ ಬೆರಳೆಣಿಕೆಯಷ್ಟು. ಅದರ ಅತಿ ಪ್ರಸಿದ್ಧ ಮುದ್ರಿಕೆ 1953ರ ಮೇ 15ರಂದು ಟೊರಾಂಟೊದ ಮ್ಯಾಸಿ ಹಾಲ್‌ನಲ್ಲಿ ನಡೆದ ಕಛೇರಿಯದು. ಪಾರ್ಕರ್, ಟ್ರಂಪೆಟ್ ವಾದಕ ಡಿಝಿ ಗಿಲೆಸ್ಪಿ, ಪಿಯಾನೋ ವಾದಕ ಬಡ್ ಪವೆಲ್, ಮಿಂಗಸ್, ರೋಚ್ ಐವರೂ ಒಂದೇ ವೇದಿಕೆಯಲ್ಲಿ. ಅಷ್ಟಿದ್ದೂ ಸಭಾಂಗಣ ತುಂಬಲಿಲ್ಲ. ಅದೇ ರಾತ್ರಿ ರಾಕಿ ಮಾರ್ಸಿಯಾನೊ ಮತ್ತು ಜೆರ್ಸಿ ಜೋ ವಾಲ್ಕಾಟ್ ನಡುವೆ ಹೆವಿವೇಟ್ ಬಾಕ್ಸಿಂಗ್ ಪಂದ್ಯವಿತ್ತು. ಪಾರ್ಕರ್ ಬೇರೆ ಕಂಪನಿಯ ಒಪ್ಪಂದದಲ್ಲಿದ್ದುದರಿಂದ ಅವರ ಹೆಸರು ಮುದ್ರಿಕೆಯ ಮೇಲೆ 'ಚಾರ್ಲಿ ಚಾನ್' ಎಂದು ಬಂತು. ಕಂಪನಿ ಹೆಚ್ಚು ಕಾಲ ಬಾಳಲಿಲ್ಲ.

ಕ್ಲಿಫರ್ಡ್ ಬ್ರೌನ್ ಜೊತೆಗಿನ ತಂಡದ ಬಗ್ಗೆ ಯಾಕೆ ಅಷ್ಟು ಮಾತಾಡುತ್ತಾರೆ?

1954ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕಟ್ಟಿದ ಈ ಪಂಚವಾದ್ಯ ತಂಡದಲ್ಲಿ ಟ್ರಂಪೆಟ್ ವಾದಕ ಬ್ರೌನ್ ಮತ್ತು ರೋಚ್ ಸಮಾನ ನಾಯಕರು. ಡ್ರಮ್ಮರನ ಹೆಸರು ತಂಡದ ಹೆಸರಿನಲ್ಲೇ ಇತ್ತು ಎಂಬುದನ್ನು ಗಮನಿಸಿ. 1955ರ ಕೊನೆಗೆ ಸ್ಯಾಕ್ಸೊಫೋನ್ ವಾದಕ ಸನ್ನಿ ರಾಲಿನ್ಸ್ ಸೇರಿದ ಮೇಲೆ ಅದು ಆ ಕಾಲದ ಅತ್ಯುತ್ತಮ ಚಿಕ್ಕ ತಂಡಗಳಲ್ಲಿ ಒಂದಾಯಿತು. 1956ರ ಜೂನ್ 26ರಂದು ಮಳೆಯ ರಾತ್ರಿ, ಪೆನ್ಸಿಲ್ವೇನಿಯಾದ ಹೆದ್ದಾರಿಯಲ್ಲಿ ಕಾರು ಅಪಘಾತಕ್ಕೀಡಾಯಿತು. ಬ್ರೌನ್, ಪಿಯಾನೋ ವಾದಕ ರಿಚಿ ಪವೆಲ್, ಪವೆಲ್ ಅವರ ಹೆಂಡತಿ ನ್ಯಾನ್ಸಿ, ಮೂವರೂ ಸತ್ತರು. ಬ್ರೌನ್‌ಗೆ ಇಪ್ಪತ್ತೈದು. ರೋಚ್ ಆ ಕಾರಿನಲ್ಲಿರಲಿಲ್ಲ. ಆ ಬಳಿಕ ಅವರು ಕುಡಿತಕ್ಕೂ ಖಿನ್ನತೆಗೂ ಇಳಿದರು. ಚೇತರಿಸಿಕೊಳ್ಳಲು ವರ್ಷಗಳೇ ಬೇಕಾದವು. ಕೆಲಸ ಮಾತ್ರ ನಿಲ್ಲಲಿಲ್ಲ: 1957ರಲ್ಲಿ ಇಡೀ ಮುದ್ರಿಕೆಯೊಂದನ್ನು ಮೂರು ಎಣಿಕೆಯ ತಾಳಕ್ಕೇ ಮೀಸಲಿಟ್ಟರು. ಜಾಝ್ ಎಂದರೆ ನಾಲ್ಕು ಎಂಬ ರೂಢಿ ಬಲವಾಗಿದ್ದ ಕಾಲದಲ್ಲಿ ಅದು ಸಣ್ಣ ಮಾತಲ್ಲ.

ಡ್ರಮ್ಮಿನಲ್ಲಿ ರಾಗ ನುಡಿಸುತ್ತಾರೆ ಎಂದರೆ ಏನರ್ಥ? ಅದು ನಮ್ಮ ತನಿ ಆವರ್ತನದಂತೆಯೇ?

ಸಾಮ್ಯವಿದೆ, ಪೂರ್ತಿ ಒಂದೇ ಅಲ್ಲ. ಮೃದಂಗ ವಿದ್ವಾಂಸರು ತನಿಯಲ್ಲಿ, ಅಂದರೆ ಕಛೇರಿಯಲ್ಲಿ ತಾಳವಾದ್ಯಗಳಷ್ಟೇ ನುಡಿಯುವ ಭಾಗದಲ್ಲಿ, ಹಿಡಿಯುವುದು ತಾಳದ ಆವರ್ತವನ್ನು. ಲೆಕ್ಕ ಬೆಳೆದು ಮೋಹರ, ಕೋರ್ವೆ ಎಂಬ ಮುಕ್ತಾಯದ ಲೆಕ್ಕಗಳನ್ನು ಮುಗಿಸಿ ಎಡುಪ್ಪಿಗೆ, ಅಂದರೆ ಹಾಡು ಎತ್ತಿಕೊಳ್ಳುವ ಜಾಗಕ್ಕೆ, ಬಂದು ಇಳಿಯುತ್ತದೆ. ರೋಚ್ ಹಿಡಿಯುತ್ತಿದ್ದುದು ಹಾಡಿನ ಒಡಲನ್ನು. ಅಮೆರಿಕದ ಜನಪ್ರಿಯ ಹಾಡುಗಳಲ್ಲಿ ಬಹಳಷ್ಟು 32 ಬಾರ್‌ಗಳ, ಅಂದರೆ ತಾಳದ 32 ಸುತ್ತುಗಳ ಚೌಕಟ್ಟಿನವು: ಎಂಟರ ಒಂದು ಭಾಗ, ಅದೇ ಮತ್ತೊಮ್ಮೆ, ನಡುವೆ ಬೇರೆ ಎಂಟು, ಮತ್ತೆ ಮೊದಲಿನದು. ಎಲ್ಲರೂ ನಿಲ್ಲಿಸಿ ಡ್ರಮ್ ಒಂದೇ ಉಳಿದಾಗಲೂ ರೋಚ್ ಈ ಚೌಕಟ್ಟನ್ನು ಬಿಡುತ್ತಿರಲಿಲ್ಲ. ನೀವು ಮನಸ್ಸಿನಲ್ಲಿ ಹಾಡನ್ನು ಗುನುಗುತ್ತ ಅವರ ಏಕವ್ಯಕ್ತಿ ವಾದನ ಕೇಳಿದರೆ, ನಡುವಿನ ಎಂಟು ಬಾರ್ ಬಂದಾಗ ಅವರ ಕೈಯೂ ವಿಷಯ ಬದಲಿಸುವುದು ಗೊತ್ತಾಗುತ್ತದೆ. 1956ರಲ್ಲಿ ರಾಲಿನ್ಸ್ ಜೊತೆ ಮುದ್ರಿಸಿದ 'ಸೇಂಟ್ ಥಾಮಸ್' 16 ಬಾರ್‌ಗಳದ್ದಾದರೂ, ಹಾಡಿನ ಚೌಕಟ್ಟನ್ನು ಬಿಡದ ಈ ವಾದನಕ್ಕೆ ಒಳ್ಳೆಯ ಪಾಠ.

ಇನ್ನು ನಾದದ ವಿಷಯ. ಅವರು ಡ್ರಮ್ಮುಗಳನ್ನು ಎತ್ತರದ ಶ್ರುತಿಗೆ ಬಿಗಿಯುತ್ತಿದ್ದರು. ಅಡಿಯ ತಂತಿಗಳಿಂದ ಗರಗರ ಸದ್ದು ಮಾಡುವ ಸ್ನೇರ್ ಡ್ರಮ್ಮಿನ ಆ ತಂತಿಗಳನ್ನು ಸಡಿಲಿಸಿ ಅದನ್ನೂ ಒಂದು ಟಾಮ್‌ಟಾಮ್‌ನಂತೆ, ಅಂದರೆ ತಂತಿಯಿಲ್ಲದ ಡ್ರಮ್ಮಿನಂತೆ ಬಳಸುತ್ತಿದ್ದರು. ಎತ್ತರ, ನಡು, ತಗ್ಗು ಎಂದು ದನಿಗಳು ಬೇರೆಬೇರೆಯಾಗಿ ನಿಂತಾಗ ಪ್ರಶ್ನೆ, ಉತ್ತರ, ಪುನರುಕ್ತಿ ಎಲ್ಲವೂ ಸಾಧ್ಯ. ಜೊತೆಗೆ ಮೌನ. ವೇಗದ ಕೈ ಇರುವ ಎಷ್ಟೋ ಡ್ರಮ್ಮರುಗಳು ಮೌನಕ್ಕೆ ಹೆದರುತ್ತಾರೆ; ರೋಚ್ ಒಂದು ಮಾತು ಹೇಳಿ ಅದು ಇಳಿಯುವವರೆಗೆ ಕಾಯುತ್ತಿದ್ದರು.

ಈ ಯೋಚನೆ ಪೂರ್ತಿ ಮಾಗಿದ್ದು 1966ರ 'ಡ್ರಮ್ಸ್ ಅನ್‌ಲಿಮಿಟೆಡ್' ಮುದ್ರಿಕೆಯಲ್ಲಿ. ಅದರಲ್ಲಿ ಮೂರು ರಚನೆಗಳು ಬರೀ ಡ್ರಮ್ಮಿಗಾಗಿ. ಒಂದು, 'ದಿ ಡ್ರಮ್ ಆಲ್ಸೋ ವಾಲ್ಟ್ಜಸ್': ಎರಡು ಕಾಲುಗಳು ಮೂರು ಎಣಿಕೆಯ ಪುಟ್ಟ ಮಾದರಿಯೊಂದನ್ನು ಕೊನೆಯವರೆಗೂ ಬಿಡದೆ ನುಡಿಸುತ್ತವೆ, ಕೈಗಳು ಅದರ ಮೇಲೆ ಹಾಡುತ್ತವೆ. ಇಂದು ಡ್ರಮ್ ಕಲಿಯುವವರು ಇದನ್ನು ಪಠ್ಯದಂತೆ ಅಭ್ಯಾಸ ಮಾಡುತ್ತಾರೆ. ಇನ್ನೊಂದು, ಹಿರಿಯ ಡ್ರಮ್ಮರ್ ಸಿಡ್ ಕ್ಯಾಟ್ಲೆಟ್ ಅವರಿಗೆ ಕಾಣಿಕೆ. ಬಳಿಕ ಇನ್ನೊಬ್ಬ ಹಿರಿಯ ಡ್ರಮ್ಮರ್ ಜೋ ಜೋನ್ಸ್ ಅವರ ಗೌರವಕ್ಕಾಗಿ ಬರೀ ಹೈ-ಹ್ಯಾಟ್ ಮೇಲೆ, ಅಂದರೆ ಕಾಲಿನಿಂದ ಮುಚ್ಚಿ ತೆರೆಯುವ ಎರಡು ತಾಳತಟ್ಟೆಗಳ ಮೇಲೆ ಇಡೀ ರಚನೆಯೊಂದನ್ನು ನುಡಿಸತೊಡಗಿದರು.

'ಫ್ರೀಡಮ್ ನೌ ಸೂಟ್' ಎಂದರೇನು? ಅದರಿಂದ ಅವರಿಗೆ ತೊಂದರೆಯಾಯಿತೇ?

ಪೂರ್ಣ ಹೆಸರು 'ವಿ ಇನ್ಸಿಸ್ಟ್! ಮ್ಯಾಕ್ಸ್ ರೋಚ್ಸ್ ಫ್ರೀಡಮ್ ನೌ ಸೂಟ್'. ಗುಲಾಮಗಿರಿ ವಿಮೋಚನೆಯ ಘೋಷಣೆಗೆ 1963ರಲ್ಲಿ ನೂರು ವರ್ಷ ತುಂಬುವುದಿತ್ತು. ಅದಕ್ಕಾಗಿ ರೋಚ್ ಮತ್ತು ಗೀತರಚನಕಾರ ಆಸ್ಕರ್ ಬ್ರೌನ್ ಜೂನಿಯರ್ ಒಂದು ಕೃತಿ ಬರೆಯುತ್ತಿದ್ದರು. 1960ರ ಫೆಬ್ರವರಿಯಲ್ಲಿ ಉತ್ತರ ಕೆರೊಲಿನಾದ ಗ್ರೀನ್ಸ್‌ಬರೊದಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗೆ ಮಾತ್ರ ಮೀಸಲಾದ ಊಟದ ಕಟ್ಟೆಯಲ್ಲಿ ಕೂತು ಎದ್ದೇಳದೆ ಪ್ರತಿಭಟಿಸಿದರು. ಮಾರ್ಚ್‌ನಲ್ಲಿ ದಕ್ಷಿಣ ಆಫ್ರಿಕಾದ ಶಾರ್ಪ್‌ವಿಲ್‌ನಲ್ಲಿ ಪೊಲೀಸರು ಜನರ ಮೇಲೆ ಗುಂಡು ಹಾರಿಸಿದರು. ನೂರನೇ ವರ್ಷಕ್ಕೆ ಕಾಯುವ ತಾಳ್ಮೆ ಯಾರಿಗೂ ಉಳಿಯಲಿಲ್ಲ. ಆ ವರ್ಷದ ಆಗಸ್ಟ್, ಸೆಪ್ಟೆಂಬರ್‌ನಲ್ಲೇ ಕ್ಯಾಂಡಿಡ್ ಕಂಪನಿಗೆ ಮುದ್ರಣ ನಡೆಯಿತು. ಹೊದಿಕೆಯ ಮೇಲೆ ಮೂವರು ಕಪ್ಪು ಗಂಡಸರು ಅಂಥದೇ ಕಟ್ಟೆಯಲ್ಲಿ ಕೂತು ಕ್ಯಾಮೆರಾ ಕಡೆ ತಿರುಗಿ ನೋಡುತ್ತಿದ್ದಾರೆ.

ಐದು ಭಾಗಗಳು. ಮೊದಲನೆಯ 'ಡ್ರೈವಾ ಮ್ಯಾನ್' ಗುಲಾಮರನ್ನು ದುಡಿಸುವ ಮೇಸ್ತ್ರಿಯ ಕುರಿತು, ಐದು ಎಣಿಕೆಯ ತಾಳದಲ್ಲಿ. ಪ್ರತಿ ಸುತ್ತಿನ ಮೊದಲ ಎಣಿಕೆಗೆ ಚಾವಟಿಯಂತೆ ಒಂದು ಪೆಟ್ಟು. ನಡುವಿನ ಭಾಗದಲ್ಲಿ ಗಾಯಕಿ ಆ್ಯಬಿ ಲಿಂಕನ್ ಮತ್ತು ರೋಚ್ ಇಬ್ಬರೇ. ಒಂದು ಹಂತದಲ್ಲಿ ಪದವಿಲ್ಲ, ಸ್ವರವೂ ಇಲ್ಲ, ಬರೀ ಕಿರುಚಾಟ. ಮೊದಲ ಸಲ ಕೇಳುವವರು ಸಹಿಸಿಕೊಳ್ಳುವುದು ಕಷ್ಟ. ಸಹಿಸಿಕೊಳ್ಳುವಂತೆ ಇರಬಾರದೆಂದೇ ಅದು ಹಾಗಿದೆ. ಕೊನೆಯ ಭಾಗಗಳಲ್ಲಿ ನೈಜೀರಿಯಾದ ಬಾಬಾತುಂಡೆ ಒಲಾತುಂಜಿ ಮತ್ತು ಇತರ ತಾಳವಾದಕರು ಸೇರುತ್ತಾರೆ. ಹಿರಿಯ ಸ್ಯಾಕ್ಸೊಫೋನ್ ವಾದಕ ಕೋಲ್‌ಮನ್ ಹಾಕಿನ್ಸ್ ಬಂದು ನುಡಿಸಿದ್ದೂ ಒಂದು ನಿಲುವೇ.

ರೋಚ್ ಅಲ್ಲಿಗೆ ನಿಲ್ಲಲಿಲ್ಲ. 1960ರ ಬೇಸಿಗೆಯಲ್ಲೇ ಮಿಂಗಸ್ ಜೊತೆ ಸೇರಿ, ನ್ಯೂಪೋರ್ಟ್ ಜಾಝ್ ಉತ್ಸವಕ್ಕೆ ಪ್ರತಿಯಾಗಿ ಅದೇ ಊರಿನಲ್ಲಿ ಬೇರೊಂದು ಉತ್ಸವ ನಡೆಸಿದ್ದರು. 1961ರ ಮೇ 19ರಂದು ಕಾರ್ನೆಗಿ ಹಾಲ್‌ನಲ್ಲಿ ಗೆಳೆಯ ಮೈಲ್ಸ್ ಡೇವಿಸ್ ಅವರ ಕಛೇರಿ ನಡೆಯುತ್ತಿರುವಾಗ ಫಲಕ ಹಿಡಿದು ವೇದಿಕೆಯ ಅಂಚಿನಲ್ಲಿ ಕೂತುಬಿಟ್ಟರು. ಆ ಸಹಾಯಾರ್ಥ ಕಛೇರಿಯ ಹಣ ಹೋಗುತ್ತಿದ್ದ ಸಂಸ್ಥೆಯ ಉದ್ದೇಶಗಳ ಬಗ್ಗೆ ಅವರಿಗೆ ತಕರಾರಿತ್ತು. ಇಂಥ ಮನುಷ್ಯನಿಗೆ ಕಂಪನಿಗಳ ಬಾಗಿಲು ಸಲೀಸಾಗಿ ತೆರೆಯುವುದಿಲ್ಲ. 60ರ ದಶಕದ ಉಳಿದ ವರ್ಷಗಳಲ್ಲಿ ಅವರ ಮುದ್ರಿಕೆಗಳು ವಿರಳ. 'ಫ್ರೀಡಮ್ ನೌ ಸೂಟ್' ಅನ್ನು ಅಮೆರಿಕದ ರಾಷ್ಟ್ರೀಯ ಧ್ವನಿಮುದ್ರಣ ನೋಂದಣಿಗೆ ಸೇರಿಸಿದ್ದು 2022ರಲ್ಲಿ.

ಕ್ಲಬ್ಬಿನ ಡ್ರಮ್ಮರ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಾದದ್ದು ಹೇಗೆ?

ಎರಡು ಕಡೆಯಿಂದ ನೋಡಬೇಕು. ರೋಚ್ ಕಡೆಯಿಂದ: ಪಾಠ ಅವರಿಗೆ ಹೊಸತಲ್ಲ. 1950ರ ದಶಕದ ಕೊನೆಯಲ್ಲಿ ಮ್ಯಾಸಚೂಸೆಟ್ಸ್‌ನ ಲೆನಾಕ್ಸ್‌ನಲ್ಲಿ ಬೇಸಿಗೆಯ ಜಾಝ್ ಶಾಲೆ ನಡೆಯುತ್ತಿತ್ತು. ಅಲ್ಲಿ ಅವರು ಕಲಿಸಿದ್ದರು. ವಿಶ್ವವಿದ್ಯಾಲಯಗಳ ಕಡೆಯಿಂದ: 1968ರಿಂದೀಚೆಗೆ ಕಪ್ಪು ವಿದ್ಯಾರ್ಥಿಗಳು ತಮ್ಮ ಇತಿಹಾಸ, ಕಲೆಗಳನ್ನು ಪಠ್ಯಕ್ರಮದಲ್ಲಿ ಸೇರಿಸಿ ಎಂದು ಮುಷ್ಕರ ಹೂಡಿ ಪಟ್ಟು ಹಿಡಿದಿದ್ದರು. ಆಮ್‌ಹರ್ಸ್ಟ್‌ನಲ್ಲಿ ಆಗ ಕುಲಪತಿಯಾಗಿದ್ದವರು ರಾಂಡಾಲ್ಫ್ ಬ್ರೋಮರಿ, ಆ ಆವರಣದ ಮೊದಲ ಕಪ್ಪು ಕುಲಪತಿ, ಭೂವಿಜ್ಞಾನಿ, ಜಾಝ್ ಬಲ್ಲವರು. 1972ರಲ್ಲಿ ರೋಚ್ ಅವರನ್ನು ಕರೆತಂದವರು ಅವರೇ. ಸ್ಯಾಕ್ಸೊಫೋನ್ ವಾದಕ ಆರ್ಚಿ ಶೆಪ್ ಕೂಡ ಅದೇ ಆವರಣದಲ್ಲಿ ದಶಕಗಳ ಕಾಲ ಪಾಠ ಮಾಡಿದರು. ಸಂಯೋಜಕ ಫ್ರೆಡ್ ಟಿಲಿಸ್ ಅಲ್ಲಿ ಆಫ್ರೋ-ಅಮೆರಿಕನ್ ಸಂಗೀತದ ಕಾರ್ಯಕ್ರಮ ಕಟ್ಟುತ್ತಿದ್ದರು. ಒಂದು ಚಿಕ್ಕ ಊರಿನ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಇದಕ್ಕಿಂತ ದೊಡ್ಡ ಅದೃಷ್ಟ ಬೇಕೇ?

ಜಾಝ್ ವಾದಕರಿಗೆ ಅತಿಥಿ ಉಪನ್ಯಾಸ ಸಿಗುತ್ತಿತ್ತು, ಪೂರ್ಣಾವಧಿ ಪ್ರಾಧ್ಯಾಪಕ ಹುದ್ದೆ ಅಪರೂಪ. ತಿಂಗಳ ಸಂಬಳ ಎಂಬುದು ರಾಕ್ ಸಂಗೀತದ ಹೊಡೆತಕ್ಕೆ ಕ್ಲಬ್ಬುಗಳು ಮುಚ್ಚುತ್ತಿದ್ದ ಆ ವರ್ಷಗಳಲ್ಲಿ ಬರಿಯ ಗೌರವವಾಗಿರಲಿಲ್ಲ, ಅನ್ನವೂ ಆಗಿತ್ತು. 1982ರಲ್ಲಿ ಅಲ್ಲಿ 'ಜಾಝ್ ಇನ್ ಜುಲೈ' ಎಂಬ ಬೇಸಿಗೆ ಶಿಬಿರ ಆರಂಭವಾಯಿತು. ಪಿಯಾನೋ ವಾದಕ ಬಿಲಿ ಟೇಲರ್ ಜೊತೆ ರೋಚ್ ಕೂಡ ಅದರ ಮೊದಲಿಗರು. 1990ರ ದಶಕದ ಮಧ್ಯದವರೆಗೆ ಅವರು ಆ ವಿಶ್ವವಿದ್ಯಾಲಯದಲ್ಲಿದ್ದರು.

ಪಾಠಕ್ಕೆ ಇಳಿದ ಮೇಲೆ ವಾದನ ಸೊರಗಿತೇ?

ನನ್ನ ಪ್ರಕಾರ ಉಲ್ಟಾ. ಸಂಬಳ ಬಂದದ್ದರಿಂದ ಮಾರುಕಟ್ಟೆಗೆ ತಲೆಬಾಗುವ ಅಗತ್ಯ ತಪ್ಪಿತು. 1970ರಲ್ಲಿ ಕಟ್ಟಿದ ಎಂ'ಬೂಮ್ ತಂಡದಲ್ಲಿ ಎಲ್ಲರೂ ತಾಳವಾದಕರು: ಡ್ರಮ್, ಮರಿಂಬಾ, ವೈಬ್ರಾಫೋನ್, ಟಿಂಪನಿ, ಗಂಟೆಗಳು, ಕೊನೆಗೆ ಬಡಗಿಯ ಗರಗಸ ಕೂಡ. ತುತ್ತೂರಿಯೂ ಇಲ್ಲ, ಪಿಯಾನೋವೂ ಇಲ್ಲ. 1978ರಲ್ಲಿ ಸ್ಯಾಕ್ಸೊಫೋನ್ ವಾದಕ ಆ್ಯಂಥನಿ ಬ್ರಾಕ್ಸ್‌ಟನ್ ಜೊತೆ, 1979ರ ಡಿಸೆಂಬರ್‌ನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ವೇದಿಕೆಯಲ್ಲಿ ಪಿಯಾನೋ ವಾದಕ ಸೆಸಿಲ್ ಟೇಲರ್ ಜೊತೆ ಯುಗಳ ವಾದನ ಮಾಡಿದರು. ಅವರ ವಯಸ್ಸಿನ ಬೀಬಾಪ್ ವಾದಕರಲ್ಲಿ ಅನೇಕರು, ಹಾಡಿನ ಚೌಕಟ್ಟನ್ನೇ ಬಿಟ್ಟುಕೊಟ್ಟ ಈ ಮುಕ್ತ ಜಾಝ್ ಪಂಥದವರನ್ನು ಸಂಗೀತಗಾರರೆಂದೇ ಒಪ್ಪುತ್ತಿರಲಿಲ್ಲ. ಮಾರ್ಟಿನ್ ಲೂಥರ್ ಕಿಂಗ್ ಅವರ ಭಾಷಣದ ಧ್ವನಿಮುದ್ರಣಕ್ಕೆ ಜೊತೆಯಾಗಿ ಡ್ರಮ್ ನುಡಿಸಿದರು. ಮಗಳು ಮ್ಯಾಕ್ಸೀನ್ ವಯೊಲಾ ನುಡಿಸುವ ತಂತಿವಾದ್ಯ ಚತುಷ್ಟಯವನ್ನು ತಮ್ಮ ಜಾಝ್ ಚತುಷ್ಟಯಕ್ಕೆ ಜೋಡಿಸಿ 'ಡಬಲ್ ಕ್ವಾರ್ಟೆಟ್' ಮಾಡಿದರು. 1980ರ ದಶಕದ ಆರಂಭದಲ್ಲಿ ಹಿಪ್-ಹಾಪ್ ಇನ್ನೂ ಬೀದಿಯ ಹುಡುಗರ ಗದ್ದಲ ಎನಿಸಿಕೊಂಡಿದ್ದಾಗ ಹಿಪ್-ಹಾಪ್ ಕಲಾವಿದ ಫ್ಯಾಬ್ ಫೈವ್ ಫ್ರೆಡ್ಡಿ ಮತ್ತು ಬ್ರೇಕ್ ನರ್ತಕರ ಜೊತೆ ವೇದಿಕೆ ಏರಿದರು.

ಎಲ್ಲವೂ ಗೆದ್ದಿತೆಂದಲ್ಲ. ತಂತಿವಾದ್ಯಗಳ ಜೊತೆಗಿನ ಕೆಲವು ತುಣುಕುಗಳು ನನಗೆ ಹೊಲಿಗೆ ಕಾಣುವ ಬಟ್ಟೆಯಂತೆ ಅನಿಸಿವೆ.

ಪ್ರಶಸ್ತಿಗಳು?

1984ರಲ್ಲಿ ಅಮೆರಿಕ ಸರ್ಕಾರದ ಜಾಝ್ ಮಾಸ್ಟರ್ ಗೌರವ, 1988ರಲ್ಲಿ ಮೆಕಾರ್ಥರ್ ಫೆಲೋಶಿಪ್. ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ 1986ರಿಂದ ಅವರ ಹೆಸರಿನ ಉದ್ಯಾನವಿದೆ.

ಅವರಂತೆ ಪ್ರಾಧ್ಯಾಪಕರಾದ ಬೇರೆ ಜಾಝ್ ಡ್ರಮ್ಮರುಗಳು ಯಾರು?

ಸಾಕಷ್ಟು ಮಂದಿ. ಆ್ಯಲನ್ ಡಾಸನ್ 1957ರಿಂದಲೇ ಬಾಸ್ಟನ್ನಿನ ಬರ್ಕ್‌ಲೀ ಸಂಗೀತ ಶಾಲೆಯಲ್ಲಿ ಕಲಿಸುತ್ತಿದ್ದರು. ಡ್ರಮ್ಮರ್ ಟೋನಿ ವಿಲಿಯಮ್ಸ್ ಡಾಸನ್ ಅವರ ಶಿಷ್ಯ. ಮಿಲ್‌ಫರ್ಡ್ ಗ್ರೇವ್ಸ್ 1973ರಿಂದ ಸುಮಾರು ನಾಲ್ಕು ದಶಕ ಬೆನಿಂಗ್ಟನ್ ಕಾಲೇಜಿನಲ್ಲಿದ್ದರು, ಹೃದಯ ಬಡಿತದ ಲಯವನ್ನೇ ಅಧ್ಯಯನ ಮಾಡುತ್ತಿದ್ದ ವಿಚಿತ್ರ ಪ್ರತಿಭೆ. ಎಡ್ ಬ್ಲ್ಯಾಕ್‌ವೆಲ್ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ. ಎಂ'ಬೂಮ್ ತಂಡದ ಜೋ ಚೇಂಬರ್ಸ್ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ವಿಲ್ಮಿಂಗ್ಟನ್ ಆವರಣದಲ್ಲಿ. ಈಗಿನವರಲ್ಲಿ ಟೆರಿ ಲಿನ್ ಕ್ಯಾರಿಂಗ್ಟನ್ 2018ರಲ್ಲಿ ಬರ್ಕ್‌ಲೀಯಲ್ಲಿ ಜಾಝ್ ಮತ್ತು ಲಿಂಗ ನ್ಯಾಯಕ್ಕಾಗಿ ಒಂದು ಸಂಸ್ಥೆ ಕಟ್ಟಿದರು. ಟೈಶಾನ್ ಸೋರಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ. 2024ರಲ್ಲಿ ಸಂಗೀತಕ್ಕೆ ಪುಲಿಟ್ಜರ್ ಪಡೆದರು. ಡ್ರಮ್ಮರನೊಬ್ಬನನ್ನು ಸಂಯೋಜಕನೆಂದು ಕರೆಯಲು ಇಂದು ಯಾರೂ ಹಿಂಜರಿಯುವುದಿಲ್ಲ.

ಜಾಝ್ ಮತ್ತು ನಮ್ಮ ಲಯ ಪದ್ಧತಿ ಎಲ್ಲಾದರೂ ಕೂಡಿವೆಯೇ?

ರೋಚ್ ಅವರ ಕಿವಿ ಹೆಚ್ಚಾಗಿ ಹೈಟಿ ಮತ್ತು ಆಫ್ರಿಕಾದತ್ತ ಇತ್ತು. ಕರ್ನಾಟಕದ ಕೊಂಡಿ ಬೇರೆಯವರದು: ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಮೃದಂಗ ವಾದಕ ಟಿ.ಎ.ಎಸ್. ಮಣಿ, ಗಾಯಕಿ ಆರ್.ಎ. ರಮಾಮಣಿ ಅವರ ಜೊತೆ ಸೇರಿ 1983ರಲ್ಲಿ 'ಜ್ಯೋತಿ' ಮುದ್ರಿಸಿದರು. ನ್ಯೂಯಾರ್ಕಿನ ಡ್ರಮ್ಮರ್ ಡ್ಯಾನ್ ವೀಸ್ ತಬಲಾ ಕಲಿತು ತೀನ್ ತಾಳದ ವಾದನವನ್ನು ಡ್ರಮ್ ಸೆಟ್ಟಿಗೆ ಇಳಿಸಿದ್ದಾರೆ.

ಅವರು ತೀರಿಕೊಂಡದ್ದು ಯಾವಾಗ? ಬರಹ, ಟಿಪ್ಪಣಿಗಳು ಎಲ್ಲಿವೆ?

2007ರ ಆಗಸ್ಟ್ 16ರಂದು ಮ್ಯಾನ್‌ಹಟನ್‌ನಲ್ಲಿ, 83ರ ವಯಸ್ಸಿನಲ್ಲಿ. ಸ್ವರಲಿಪಿ, ಪತ್ರ, ಧ್ವನಿಮುದ್ರಣಗಳ ಸಂಗ್ರಹ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ಕವಿ ಅಮಿರಿ ಬರಾಕ ಜೊತೆ ಸೇರಿ ಬರೆಯುತ್ತಿದ್ದ, ಪ್ರಕಟವಾಗದ ಆತ್ಮಕಥೆಯ ಕರಡೂ ಅದರಲ್ಲಿದೆ.

ಹೊಸಬರು ಎಲ್ಲಿಂದ ಕೇಳಲು ಆರಂಭಿಸಬೇಕು?

'ಫ್ರೀಡಮ್ ನೌ'ನಿಂದ ಬೇಡ. ಅದು ಮೂರನೆಯದಾಗಿ ಬರಲಿ. ಮೊದಲು 'ಸೇಂಟ್ ಥಾಮಸ್', ಅದರ ಬಳಿಕ ಬ್ರೌನ್ ಜೊತೆಗಿನ ಯಾವುದಾದರೂ ಮುದ್ರಿಕೆ. ಡ್ಯೂಕ್ ಎಲಿಂಗ್ಟನ್, ಮಿಂಗಸ್, ರೋಚ್ ಮೂವರೇ 1962ರಲ್ಲಿ ನುಡಿಸಿದ 'ಮನಿ ಜಂಗಲ್' ಅನ್ನು ಗಂಭೀರವಾಗಿ ಕೂತು ಕೇಳಿ; ಮೂರು ಹಟಮಾರಿಗಳ ವಾಗ್ವಾದ ಅದು. 'ದಿ ಡ್ರಮ್ ಆಲ್ಸೋ ವಾಲ್ಟ್ಜಸ್' ಕೇಳುವಾಗ ಮೊದಲ ಸಲ ಕಾಲುಗಳನ್ನು ಮಾತ್ರ ಹಿಂಬಾಲಿಸಿ, ಎರಡನೇ ಸಲ ಕೈಗಳನ್ನು. ಮೊಬೈಲ್ ಸ್ಪೀಕರ್ ಬೇಡ, ಬೇಸ್ ಡ್ರಮ್ ಕೇಳಿಸುವುದೇ ಇಲ್ಲ, ಹೆಡ್‌ಫೋನ್ ಹಾಕಿಕೊಳ್ಳಿ.